ಹೂಂ ಎಂದರೆ ಒಪ್ಪಿಗೆಯೇ?

ದುರ್ಗದ ಮುನ್ಸೀಫ್ ಕೋರ್ಟಿನಲ್ಲಿ ವಕೀಲಿ ಶುರುಮಾಡಿದಾಗ, ಮೋಸವೆಂದರೆ ಸುಳ್ಳು ಹೇಳುವುದು ಎಂದುಕೊಂಡಿದ್ದೆ. ಒಂದೂ ಸುಳ್ಳಾಡದೆ ಟೋಪಿ ಹಾಕುವವರು ವಾರಕ್ಕೊಬ್ಬರಾದರೂ ಬರತೊಡಗಿದ ಮೇಲೆ ಬುದ್ಧಿ ಬಂತು. ಎದುರಿನವನ ಭಯವನ್ನೋ ಅಮಾಯಕತನವನ್ನೋ ಹಿಡಿದುಕೊಂಡು ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ಕಾನೂನು ಹೇಳುತ್ತದೆ, ನಿಜ. ಆದರೆ ಆ ಕಾನೂನು ಬರೆದವರು ನಮ್ಮ ಕಡೆಯ ಜನರನ್ನು ನೋಡಿರಲಿಲ್ಲ.

ಮನೆ ಬಿಡದ ಎತ್ತು

ಹೊಳಲ್ಕೆರೆ ಕಡೆಯ ರೈತನೊಬ್ಬ ಎತ್ತು ಕೊಂಡ. ಹಗಲೆಲ್ಲ ಚೆನ್ನಾಗಿ ದುಡಿಯುತ್ತಿದ್ದ ಎತ್ತು, ಸಂಜೆಯಾದರೆ ಹಗ್ಗ ಕಿತ್ತುಕೊಂಡು ಹರದಾರಿ ದೂರದ ಹಳೆಯ ಯಜಮಾನನ ಕೊಟ್ಟಿಗೆಗೆ ಹೋಗಿ ನಿಲ್ಲುತ್ತಿತ್ತು. ಬೆಳಿಗ್ಗೆ ಇವನು ಹೋಗಿ ಹೊಡೆದುಕೊಂಡು ಬರಬೇಕು. ಕಾಲು ಸವೆದ ಮೇಲೆ ದಾವಾ ಹಾಕಿದ. ದೋಷ ಮುಚ್ಚಿಟ್ಟು ಏಕೆ ಮಾರಿದೆ ಎಂದು ಮುನ್ಸೀಫರು ಕೇಳಿದರು. ಮಾರಿದವನಿಗೆ ಬೇಸರವಾಯಿತು.

“ಮುಚ್ಚಿಟ್ಟಿಲ್ಲ ಸ್ವಾಮಿ. ಮನೆ ಬಿಟ್ಟು ಎಲ್ಲೂ ಹೋಗಲ್ಲ ಅಂತ ಮೊದ್ಲೇ ಹೇಳಿದ್ದೆ. ಯಾರ ಮನೆ ಅಂತ ಇವ್ನು ಕೇಳ್ಲಿಲ್ಲ.”

ದಾನದ ಎಮ್ಮೆ

ಹೊಸದುರ್ಗದ ಕಡೆಯ ಯಜಮಾನರೊಬ್ಬರು ಜ್ವರದಲ್ಲಿ ಮಲಗಿದ್ದಾಗ ಜೋಯಿಸರು ಬಂದು, ಕರೆಯುವ ಎಮ್ಮೆ ದಾನ ಕೊಟ್ಟರೆ ಪ್ರಾಣ ಉಳಿಯುತ್ತದೆ ಎಂದರು. ಯಾರಿಗೆ ಕೊಡಬೇಕೆಂಬುದನ್ನೂ ಅವರೇ ಹೇಳಿದರು. ಜ್ವರ ಇಳಿಯಿತು. ಎಮ್ಮೆ ಜೋಯಿಸರ ಹಿತ್ತಲಲ್ಲಿ ಹಾಲು ಕೊಡತೊಡಗಿತು. ಸಾವಿನ ಭಯ ಹುಟ್ಟಿಸಿ ಪಡೆದ ದಾನ ನಿಲ್ಲುವುದಿಲ್ಲವೆಂದು ಯಜಮಾನರ ಪರವಾಗಿ ನಾನು ನೋಟೀಸು ಕೊಟ್ಟೆ. ನಾನು ಅಲ್ಲಿದ್ದಾಗಲೇ ಜೋಯಿಸರು ನೇರ ಯಜಮಾನರ ಮನೆಗೇ ಬಂದರು. ಎಮ್ಮೆ ಧಾರಾಳವಾಗಿ ಹೊಡೆದುಕೊಂಡು ಬನ್ನಿ, ಅದರ ಹಿಂದೆಯೇ ಜ್ವರವೂ ಬರುತ್ತದೆ ಎಂದರು. ಯಜಮಾನರು ಬೆವೆತು, ದಾವಾ ಬೇಡವೇ ಬೇಡ ಎಂದರು. ಒಳಗಿದ್ದ ಅವರ ಹೆಂಡತಿ ಬಾಗಿಲ ಮರೆಯಿಂದ ನನಗೆ ಹೇಳಿದರು:

“ಎಮ್ಮೆ ಬರ್ಲಿ ಬಿಡ್ರಿ. ಜ್ವರ ಬಂದ್ರೆ ಆಮ್ಯಾಲೆ ನೋಡ್ಕಂಡ್ರಾತು.”

ಅಜ್ಜಿಯ ಹೂಂ

ಹಿರಿಯೂರು ತಾಲ್ಲೂಕು ಹರಿಯಬ್ಬೆಯ ಅಜ್ಜಿಯೊಬ್ಬಳಿಗೆ ಇದ್ದದ್ದು ಒಂದೇ ಹೊಲ. ಪಕ್ಕದ ಹೊಲದ ಸಾಹುಕಾರ ಗಡಿಕಲ್ಲಿನ ಕಾಗದವೆಂದು ಹೇಳಿ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಅದು ಆ ಹೊಲವನ್ನೇ ಅವನಿಗೆ ಮಾರಿದ ಕ್ರಯಪತ್ರ. ಈ ಮೊಕದ್ದಮೆ ಸೋತರೆ ಅಜ್ಜಿ ಕೂಲಿಗೆ ಹೋಗಬೇಕು. ಆ ವಯಸ್ಸಿನವಳಿಗೆ ಕೂಲಿ ಕೊಡುವವರಾದರೂ ಯಾರು? ಅವಳ ವಕೀಲ ನಾನು.

ಪತ್ರ ಪೂರ್ತಿ ಓದಿ ಹೇಳಿದೆವು, ಸಾಲು ಸಾಲಿಗೂ ಹೂಂ ಎಂದಳು ಎಂದರು ಸಾಹುಕಾರನ ಸಾಕ್ಷಿಗಳು. ನಿಜವೇ ಎಂದು ಮುನ್ಸೀಫರು ಕೇಳಿದರೆ ಅಜ್ಜಿ ಒಪ್ಪಿಕೊಂಡೇಬಿಟ್ಟಳು.

“ಓದೋರು ಓದ್ತಿರುವಾಗ ಹೂಂಗುಟ್ಟದಿದ್ರೆ ಅವ್ರಿಗೆ ಬ್ಯಾಸ್ರ ಆಗ್ತೈತಲ್ಲ ಸ್ವಾಮಿ,” ಎಂದಳು.

ಎದುರು ವಕೀಲರು ಹಿರಿಯರು, ಗಟ್ಟಿ ಕಂಠದವರು. ಇವಳಿಗೆ ಎಲ್ಲ ಅರ್ಥವಾಗುತ್ತದೆಂದು ಇಲ್ಲೇ ತೋರಿಸುತ್ತೇನೆ ಎಂದು ಎದ್ದು, ಊರು ಹೆಸರುಗಳ ಭಾಗ ಬಿಟ್ಟು ಕ್ರಯಪತ್ರ ಓದತೊಡಗಿದರು.

“ನಾನು ಸ್ವಸಂತೋಷದಿಂದ ನನ್ನ ಹೊಲವನ್ನು ಬರೆದುಕೊಟ್ಟಿರುತ್ತೇನೆ.”

ಅಜ್ಜಿ ಹೂಂ ಎಂದಳು.

“ಇನ್ನು ಮುಂದೆ ಆ ಹೊಲದಲ್ಲಿ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಇರುವುದಿಲ್ಲ.”

ಅಜ್ಜಿಯ ಹೂಂ ಸಣ್ಣಗಾಯಿತು. ವಕೀಲರು ಗೆದ್ದ ಮುಖ ಮಾಡಿಕೊಂಡು, ಓದಿದ್ದು ತಿಳಿಯಿತೇ ಎಂದು ಕೇಳಿದರು. ತಿಳಿಯಿತು ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇರೋ ಹೊಲಾನೆಲ್ಲ ಬರ್ಕೊಟ್ಬಿಟ್ರಲ್ಲ ಸ್ವಾಮಿ, ಈಗ ಹೊಟ್ಟಿಗೇನ್ ಮಾಡ್ತೀರಿ?”

ಮುನ್ಸೀಫರು ಕರವಸ್ತ್ರ ತೆಗೆದು ಬಾಯಿಗೆ ಅಡ್ಡ ಹಿಡಿದರು. ಪತ್ರ ರದ್ದಾಯಿತು, ಅಜ್ಜಿಯ ಹೊಲ ಉಳಿಯಿತು. ನನಗೆ ಹೋದ ಜೀವ ಬಂದಂತಾಯಿತು. ಹೊರಗೆ ಬಂದ ಮೇಲೆ ಅವಳು ಬುತ್ತಿಗಂಟು ಬಿಚ್ಚಿ, ಒಂದು ಹಿಡಿ ಹುರಿದ ಶೇಂಗಾ ತೆಗೆದು ಎದುರು ವಕೀಲರ ಕೈಗೆ ಹಾಕಿದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು:

“ಪಾಪ, ಅವ್ರ ಹೊಲಾನೂ ನೀವೇ ಬಿಡಿಸ್ಕೊಡ್ರಿ.”