ಕಾಕುವಿನ ಹರಕೆ, ಹಡಗಿನ ಕಾಯಿದೆ

ಮರಾಠಿ ಗಡಿಯ ಉಮರ್ಗಾದ ಬಸ್‌ಸ್ಟ್ಯಾಂಡ್ ಎದುರಿಗೆ ನನ್ನದೊಂದು ಸಣ್ಣ ಯಾತ್ರಾ ಆಫೀಸು. ಕಾಶಿ, ಶ್ರೀಶೈಲ ಎಂದು ಮಂದಿಯನ್ನು ಕರೆದೊಯ್ಯುವುದು ನನ್ನ ಕಸುಬು. ನಮ್ಮವರು ಎಲ್ಲಿಗೆ ಹೋದರೂ ಬುತ್ತಿಯ ಜೊತೆ ಊರನ್ನೂ ಕಟ್ಟಿಕೊಂಡೇ ಹೊರಡುತ್ತಾರೆ. ಹೀಗಾಗಿ ನನಗೆ ನಗುವಿನ ಬರಗಾಲ ಬಂದದ್ದೇ ಇಲ್ಲ. ಒಮ್ಮೆ ಧೈರ್ಯ ಮಾಡಿ ಮೂವತ್ತು ಜನರನ್ನು ಮುಂಬಯಿಯಲ್ಲಿ ದೊಡ್ಡ ಹಡಗು ಹತ್ತಿಸಿದೆ.

ಕಡಲಿನ ಜೀವಿಗಳ ಕಾಳಜಿಗೆಂದೇ ಹಡಗಿನಲ್ಲಿ ಒಬ್ಬ ಮೇಡಂ ಇದ್ದರು, ಕೊಂಕಣದವರು. ಹತ್ತಿದ ಕೂಡಲೇ ಮರಾಠಿಯಲ್ಲಿ ಕಾಯಿದೆ ಹೇಳಿದರು: ಸಮುದ್ರಕ್ಕೆ ಏನೂ ಎಸೆಯಬಾರದು. ಪ್ರವಾಸಿಗರಲ್ಲಿ ಒಬ್ಬರು ಎಸೆದರೂ ಸಾಕು, ಮೂರನೇ ದಿನ ಆಮೆ ನೋಡಲು ಹೋಗುವ ದೋಣಿ ಇಡೀ ಗುಂಪಿಗೆ ರದ್ದು.

ಮುರುಮದ ಕಾಕುವಿನ ಮುಖ ಸಣ್ಣದಾಯಿತು. ಧಾನ್ಯದಂಗಡಿ ಸಾಹುಕಾರರ ಹೆಂಡತಿ ಈಕೆ, ಗುಂಪಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ಹಿಂದೊಮ್ಮೆ ನಮ್ಮ ಸೀಮೆಯನ್ನೇ ಕೆಡವಿದ ಭೂಕಂಪದಲ್ಲಿ ಮನೆಯ ಗೋಡೆ ಬಿದ್ದರೂ ಮಕ್ಕಳು ಉಳಿದರೆಂದು, ಸಮುದ್ರದ ಗಂಗವ್ವನಿಗೆ ಉಡಿ ತುಂಬುವ ಹರಕೆ ಹೊತ್ತಿದ್ದಳು. ತೆಂಗಿನಕಾಯಿ, ಅಕ್ಕಿ, ಕುಪ್ಪಸದ ಖಣ, ಹಸಿರು ಬಳೆ ಎಲ್ಲ ಆಕೆಯ ಚೀಲದಲ್ಲಿದ್ದವು.

ನೆಲ ಅಲುಗಿತು

ಹಡಗು ಹೊರಟಾಗ ಕೋಣೆಯ ನೆಲ ಸಣ್ಣಗೆ ನಡುಗಿತು, ಲೋಟಗಳು ಕಿಣಿಕಿಣಿ ಅಂದವು. ಐದೇ ನಿಮಿಷದಲ್ಲಿ ನಮ್ಮ ಗುಂಪು ಮಕ್ಕಳು, ಚಾದರ, ಬುತ್ತಿ ಸಮೇತ ಮೇಲಿನ ಡೆಕ್ಕಿನಲ್ಲಿ ಹಾಜರ್. ನೆಲ ಅಲುಗಿದರೆ ಬಯಲಿಗೆ ಓಡಬೇಕು ಎಂಬುದನ್ನು ನಮ್ಮ ಕಾಲುಗಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ನಿಲಂಗಾದ ಅಜ್ಜ, ನಮ್ಮ ಮಾತಲ್ಲಿ ಮುತ್ತ್ಯಾ, ಒಬ್ಬರು ಚಾದರ ಹಾಸುತ್ತಿದ್ದರು. "ಮುತ್ತ್ಯಾ, ಇದು ಸಮುದ್ರರೀ. ಇಲ್ಲಿ ಭೂಮಿನೇ ಇಲ್ಲ," ಎಂದೆ.

"ಹಂಗಾರ ಛಲೋ ಆತು. ಭೂಮಿ ಇಲ್ಲಂದ ಮ್ಯಾಲ ಭೂಕಂಪ ಎಲ್ಲಿಂದ ಬರ್ತದ," ಎಂದು ಅಲ್ಲೇ ಕಾಲು ಚಾಚಿ ಮಲಗಿದರು.

ಪೂಜೆಯ ನೀರು

ದಿನಾ ಬೆಳಿಗ್ಗೆ ಇಷ್ಟಲಿಂಗ ಪೂಜೆ ಆಗಲೇಬೇಕು. ಪೂಜೆಯ ನೀರು, ಪತ್ರಿ ಯಾರೂ ತುಳಿಯಬಾರದು; ಊರಲ್ಲಾದರೆ ಗಿಡದ ಬುಡಕ್ಕೆ ಹಾಕುತ್ತೇವೆ. ಸಮುದ್ರಕ್ಕಂತೂ ಹಾಕುವಂತಿಲ್ಲ. ಊಟದ ಕೋಣೆಯ ಬಾಗಿಲಲ್ಲಿ ಸೊಂಪಾದ ಗಿಡವೊಂದು ಕಂಡಿತು. ಎಲ್ಲರೂ ಭಕ್ತಿಯಿಂದ ಅದರ ಬುಡಕ್ಕೇ ಹಾಕಿದರು. ಎರಡನೇ ದಿನ ಹಡಗಿನ ಕೆಲಸದವ ನನ್ನನ್ನು ಹುಡುಕಿಕೊಂಡು ಬಂದ. ಪ್ಲಾಸ್ಟಿಕ್ ಗಿಡಕ್ಕೆ ನೀರು ಹಾಕುವವರು ಯಾರು ಎಂಬುದು ಅವನ ಪ್ರಶ್ನೆ. ಅದಕ್ಕಿಂತ ಹೆಚ್ಚಾಗಿ, ಅದಕ್ಕೆ ವಿಭೂತಿ ಹಚ್ಚಿದ್ದು ಯಾಕೆ ಎಂಬುದು.

ದೇವಣಿಯ ಕಣ್ಣು

ಅದೇ ಮಧ್ಯಾಹ್ನ ಡಾಲ್ಫಿನ್‌ಗಳು ಕಂಡವು. ಹಡಗು ನಿಧಾನವಾಯಿತು. ಯಾರೋ ಗೊಣಗಿದರು. ದನದ ತಳಿಗೆ ಹೆಸರಾದ ದೇವಣಿಯ ರೈತರೊಬ್ಬರು ಗದರಿದರು: "ದನ ಅಡ್ಡ ಬಂದ್ರ ಗಾಡಿ ನಿಲ್ಲಸಲ್ದೇನು? ಅವರ ಹೊಲದಾಗ ನಾವು ಬಂದೀವಿ."

ನಾನು ಅದನ್ನು ಮರಾಠಿಯಲ್ಲಿ ಹೇಳಿದಾಗ ಮೇಡಂಗೆ ಬಹಳ ಸಂತೋಷವಾಯಿತು. ರೈತರು ಡಾಲ್ಫಿನ್‌ಗಳ ಬೆನ್ನು, ಬಾಲ ಎಲ್ಲ ನೋಡಿ, "ಇದರ ವಯಸ್ಸು ಹ್ಯಾಂಗ ತಿಳೀತದ್ರೀ?" ಎಂದರು.

"ಹಲ್ಲು ನೋಡಿ," ಎಂದರು ಮೇಡಂ.

ರೈತರು ನಮ್ಮ ಕಡೆ ತಿರುಗಿದರು. "ನಾವು ಎತ್ತಿಗಿ ನೋಡಿದಂಗೇ! ಇಷ್ಟು ಓದಿದ್ರೂ ಕಡೀಗಿ ದನದ ಬಜಾರಕ್ಕೇ ಬರಬೇಕು."

ಉಡಿ

ಅಂದು ಸಂಜೆ ಕಾಕು ತಡೆಯಲಾರದೆ ಮೇಡಂ ಹತ್ತಿರ ಹೋದಳು. ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಕೇಳಿದಳು: "ಯವ್ವಾ, ಒಂದು ಉಡಿ ಬಿಟ್ರ ನಿನ್ನ ಸಮುದ್ರಕ್ಕ ಏನಾಗ್ತದ?"

ಬಳೆ ಸುತ್ತಿದ ಪ್ಲಾಸ್ಟಿಕ್ ತೋರಿಸಿ ಮೇಡಂ ಮೆಲ್ಲಗೆ ಹೇಳಿದರು, ಇಂಥದ್ದನ್ನು ಆಮೆ ತಿನಿಸೆಂದು ನುಂಗಿ ಸಾಯುತ್ತದೆ.

ಕಾಕು ಅಲ್ಲೇ ಕುಳಿತು ಬಳೆಯ ಪ್ಲಾಸ್ಟಿಕ್ ಬಿಚ್ಚಿ ಚೀಲದ ತಳಕ್ಕೆ ತುರುಕಿದಳು. ನನಗೂ ಸಂಕಟವಾಯಿತು, ಅಷ್ಟು ವರ್ಷ ಹೊತ್ತ ಹರಕೆ. ಕಡೆಗೆ ಎದ್ದು, "ನನ್ನ ಮಕ್ಕಳು ಉಳದ ಹರಕಿಗಿ ಅದರ ಜೀವ ಯಾಕ ಹೋಗಬೇಕು? ಗಂಗವ್ವನ್ನ ಕಾಯಾಕಿ ನೀನೇ ಇದ್ದಿ. ನಿನಗೇ ತುಂಬತೀನಿ, ಉಡಿ ಒಡ್ಡು," ಎಂದಳು.

ಮೇಡಂಗೆ ಸೆರಗೆಲ್ಲಿ? ಪ್ಯಾಂಟು ತೊಟ್ಟಾಕೆ. ಹಡಗಿನ ಕಟಕಟೆಗೆ ಬೆನ್ನು ಕೊಟ್ಟು ನಿಂತು, ಜಾಕೆಟ್ಟಿನ ಅಂಚನ್ನೇ ಎರಡೂ ಕೈಯಲ್ಲಿ ಹಿಡಿದು ಒಡ್ಡಿದರು. ಕಣ್ಣಲ್ಲಿ ನೀರಿತ್ತು. ಕಾಕು ಕುಂಕುಮ ಹಚ್ಚಿ ಖಣ, ಬಳೆ ಜಾಕೆಟ್ಟಿನ ಕಿಸೆಗೆ ತುರುಕಿದಳು. ಆಮೇಲೆ ಅಕ್ಕಿ ಸುರಿದು, ಮೇಲೆ ಕಾಯಿ ಇಟ್ಟಳು.

ಅಷ್ಟರಲ್ಲಿ ಹಡಗು ಒಮ್ಮೆ ಜೋಲಿ ಹೊಡೆಯಿತು. ಮೇಡಂ ಗಾಬರಿಯಾಗಿ ಜಾಕೆಟ್ಟು ಬಿಟ್ಟು ಕಟಕಟೆ ಹಿಡಿದರು. ಕಾಯಿ ಉರುಳುತ್ತ ಕಟಕಟೆಯ ಸಂದಿಯಿಂದ ಸಮುದ್ರಕ್ಕೆ ಹೋಯಿತು. ಹಿಂದೆಯೇ ಅಕ್ಕಿ.

ಮೂವತ್ತೂ ಜನ ಕಟಕಟೆಗೆ ಮುಗಿಬಿದ್ದರು. ಆಮೆಯ ದೋಣಿ ಹೋಯಿತು ಎಂದುಕೊಂಡೆ. ಮೇಡಂ ಎಸೆದವರ ಹೆಸರು ಬರೆದಿಡುವ ವಹಿ ತೆಗೆದು, ಅದರಲ್ಲಿ ತಮ್ಮದೇ ಹೆಸರು ಬರೆದರು. ಆಮೇಲೆ ತಲೆ ಎತ್ತದೆ, "ಕಾಯಿದೆ ಪ್ರವಾಸಿಗರಿಗೆ ಇರೋದು. ನಾಳೆ ದೋಣಿ ಇದೆ," ಎಂದರು.

ಕಾಕು ಸಮುದ್ರಕ್ಕೆ ಕೈ ಮುಗಿದು ನಮ್ಮ ಕಡೆ ತಿರುಗಿದಳು.

"ನೋಡ್ರಿ, ಗಂಗವ್ವ ಖಣ-ಬಳಿ ಬಿಟ್ಟು ತನಗ ಬೇಕಾದಷ್ಟೇ ತಗೊಂಡಾಳ. ಅದೂ ಬ್ಯಾಡ ಅಂದಾಕಿ ಕೈಲೇ ಕೊಡಿಸ್ಕೊಂಡಾಳ."