ಎರಡೂ ಕೈ ಎತ್ತಿ, ಭಾವ

ಕೆಟ್ಟ ಸುದ್ದಿಯನ್ನು ಅರ್ಧ ದಾರಿಗೇ ಹೋಗಿ ಎದುರುಗೊಳ್ಳುವವರ ಪೈಕಿ ನಾನು. ಪಕ್ಕದವರು ಎರಡು ಸಲ ಕೆಮ್ಮಿದರೆ ಸಾಕು, ಮನಸ್ಸಿನಲ್ಲೇ ಅವರ ತಿಥಿಯೂಟಕ್ಕೆ ಎಲೆ ಹಾಕಿ ಕೂತಿರುತ್ತೇನೆ. ಗುಜರಾತಿನ ಮಕರಪುರದ ಕಾರ್ಖಾನೆಯೊಂದರಲ್ಲಿ ಟ್ರಾನ್ಸ್‌ಫಾರ್ಮರ್ ಪರೀಕ್ಷಿಸುವುದು ನನ್ನ ಕೆಲಸ. ಯಾವುದು ಎಷ್ಟು ವರ್ಷ ಬಾಳೀತು ಎಂದು ಲೆಕ್ಕ ಹಾಕುವ ಚಟ ಅಲ್ಲಿಂದಲೇ ಅಂಟಿರಬೇಕು. ಎಂಟು ವರ್ಷದ ಹಿಂದೆ, ಮಂಜಲ್‌ಪುರದಲ್ಲಿ ಉಡುಪಿ ಹೋಟೆಲು ನಡೆಸುವ ನಮ್ಮ ಅಕ್ಕನ ಗಂಡನಿಗೆ ದೋಸೆ ಕಾವಲಿಯ ಮುಂದೆಯೇ ಲಕ್ವ ಹೊಡೆದು ಬಲಗೈ ಜೋತುಬಿದ್ದಿತು. ಆಸ್ಪತ್ರೆಯಲ್ಲಿ ನಾನು ಡಾಕ್ಟರನ್ನು ಕೇಳಿದ ಮೊದಲ ಪ್ರಶ್ನೆಯೇ, ಇನ್ನೆಷ್ಟು ವರ್ಷ ಎಂಬುದು. ಅಕ್ಕ ಪಕ್ಕದಲ್ಲೇ ನಿಂತಿದ್ದಳು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಡಾಕ್ಟರು ಗುಜರಾತಿ ಬೆರೆತ ಹಿಂದಿಯಲ್ಲಿ ಸಮಾಧಾನವಾಗಿಯೇ ಹೇಳಿದರು. ಮೊದಮೊದಲು ಎರಡನೆಯ ಹೊಡೆತದ ಭಯ ಹೆಚ್ಚು, ಬರಬರುತ್ತಾ ಕಡಿಮೆ, ಪೂರ್ತಿ ಹೋಗುವುದಿಲ್ಲ. ಮಾತ್ರೆ, ನಡಿಗೆ, ಉಪ್ಪಿನ ಮೇಲೆ ಹಿಡಿತ ಇದ್ದರೆ ಬಹುಕಾಲ ಚೆನ್ನಾಗಿ ಬಾಳಿದವರಿದ್ದಾರೆ. ಅಂಕಿಸಂಖ್ಯೆ ಸಾವಿರಾರು ಜನರದು, ನಿಮ್ಮ ಭಾವ ಒಬ್ಬರೇ ಎಂದರು. ಇಷ್ಟರಲ್ಲಿ ನನ್ನ ಕಿವಿಗೆ ಬಿದ್ದದ್ದು 'ಪೂರ್ತಿ ಹೋಗುವುದಿಲ್ಲ' ಎಂಬುದೊಂದೇ.

ಅಂದಿನಿಂದ ನಾನು ಸ್ವಯಂಘೋಷಿತ ಕಾವಲುಗಾರ. ಪ್ರತಿ ಭಾನುವಾರ ಬೆಳಿಗ್ಗೆ ಬಿಪಿ ಯಂತ್ರವನ್ನು ಸ್ಕೂಟರಿನಲ್ಲಿಟ್ಟುಕೊಂಡು ಹೋಟೆಲಿಗೆ ಹೋಗುವುದು, ಗಲ್ಲಾದ ಮುಂದೆ ಭಾವನನ್ನು ನಿಲ್ಲಿಸಿ ನಗಿಸುವುದು, ಎರಡೂ ಕೈ ಆದಷ್ಟು ಎತ್ತಿಸುವುದು, ಒಂದು ವಾಕ್ಯ ಹೇಳಿಸುವುದು. ಬಾಯಿ ಸೊಟ್ಟಗಾದರೆ, ಕೈ ಮೊದಲಿಗಿಂತ ಕೆಳಗೆ ಜಾರಿದರೆ, ಮಾತು ತೊದಲಿದರೆ ಕೂಡಲೇ ಆಸ್ಪತ್ರೆಗೆ ಓಡಬೇಕೆಂದು ಡಾಕ್ಟರು ಕಲಿಸಿದ್ದನ್ನು ನಾನು ವಾರದ ವ್ರತ ಮಾಡಿಕೊಂಡಿದ್ದೆ. ದಿನವೂ ಇಡ್ಲಿಗೆ ಬರುವ, ಎಲ್ಲರೂ ಕಾಕಾ ಎಂದು ಕರೆಯುವ ನಿವೃತ್ತ ಗುಜರಾತಿ ಮೇಷ್ಟರು ಇದನ್ನು ಉಡುಪಿಯವರು ತಿಂಡಿಗೆ ಮುಂಚೆ ಮಾಡುವ ಆಚಾರವೆಂದೇ ತಿಳಿದು, ಇಡ್ಲಿ ಮುರಿಯುವ ಮೊದಲು ತಾವೂ ಭಕ್ತಿಯಿಂದ ಕೈಯೆತ್ತತೊಡಗಿದರು. ನಾಲ್ಕು ವಾರದಲ್ಲಿ ಮೂರು ಮೇಜಿನವರು ಎತ್ತುತ್ತಿದ್ದರು. ಹೊಸಬರು ಬಾಗಿಲಲ್ಲೇ ನಿಂತು, ದರೋಡೆಯೇನೋ ಎಂದು ಗಾಬರಿಯಾದದ್ದೂ ಉಂಟು.

ನಾನು ಹೀಗೆ ಅಪಶಕುನ ಹುಡುಕುತ್ತಿದ್ದರೆ ಭಾವ ಎಡಗೈಯಲ್ಲಿ ದೋಸೆ ಹೊಯ್ಯುವುದನ್ನು ಕಲಿಯುತ್ತಿದ್ದರು. ನಲವತ್ತು ವರ್ಷ ಬಲಗೈಗೆ ಒಗ್ಗಿದ್ದ ಸೌಟು ಎಡಗೈಯ ಮಾತು ಕೇಳುತ್ತಿರಲಿಲ್ಲ. ಮೊದಲ ದೋಸೆಗಳೆಲ್ಲ ಗುಜರಾತಿನ ನಕ್ಷೆಯಂತೆ ಬಂದು ಕಛ್‌ನ ಕಡೆಗೆ ಹರಿಯುತ್ತಿದ್ದವು. ಅವನ್ನೆಲ್ಲ ತಿಂದು ನಾನು ದಪ್ಪಗಾದೆ. ವರ್ಷ ತುಂಬುವಷ್ಟರಲ್ಲಿ ದೋಸೆ ದುಂಡಗಾಯಿತು. ಬಲಗೈ ಹೆಗಲವರೆಗೆ ಏಳತೊಡಗಿತು. ಅಕ್ಕ ಪ್ರತ್ಯೇಕ ಪುಟ್ಟ ಪಾತ್ರೆಯಲ್ಲಿ ಮಾಡುವ ಉಪ್ಪಿಲ್ಲದ ಸಾಂಬಾರನ್ನು, ದೊಡ್ಡ ಹಂಡೆಯ ಘಮಘಮದ ನಡುವೆಯೇ ಕೂತು, ಭಾವ ತುಟಿಪಿಟಕ್ಕೆನ್ನದೆ ಉಣ್ಣುತ್ತಿದ್ದರು. ನಾನು ಅವರನ್ನು ಎಷ್ಟು ಮೆಚ್ಚುತ್ತೇನೆಂದು ಒಮ್ಮೆಯೂ ಹೇಳಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಹೋದ ತಿಂಗಳ ಒಂದು ಭಾನುವಾರ ಭಾವ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಸರಾಗವಾಗಿ ಎತ್ತಿದರು. ಕಾಕಾ ಚಪ್ಪಾಳೆ ತಟ್ಟಿದರು. ಭಾವ ಕೈ ಇಳಿಸಿ, ಯಂತ್ರದ ಪಟ್ಟಿಯನ್ನು ತಾವೇ ಬಿಚ್ಚಿ ನನ್ನ ತೋಳಿಗೆ ಸುತ್ತಿದರು. ಎಂಟು ವರ್ಷದಲ್ಲಿ ಆ ಪಟ್ಟಿ ನನ್ನ ತೋಳನ್ನು ಒಮ್ಮೆಯೂ ಕಂಡಿರಲಿಲ್ಲ. ಅಂಕಿ ನೋಡಿ ಅವರ ನಗು ನಿಂತಿತು. ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಮತ್ತೊಮ್ಮೆ ನೋಡಿದರು.

"ನಿನಗೆ ಮಾತ್ರೆ ಕೊಟ್ಟಿಲ್ಲವಾ ಮಾರಾಯ?"

ಹಿಂದೊಮ್ಮೆ ಕಾರ್ಖಾನೆಯ ತಪಾಸಣೆಯಲ್ಲಿ ಬಿಪಿ ಕಂಡು ಕೊಟ್ಟಿದ್ದರು. ದೀಪಾವಳಿಗೆ ಮುಗಿದದ್ದನ್ನು ಮತ್ತೆ ತಂದಿರಲಿಲ್ಲ. ತಲೆ ತಿರುಗುವುದಿಲ್ಲ, ಎದೆ ನೋಯುವುದಿಲ್ಲ, ನನಗೆಂತದ್ದೂ ಇಲ್ಲ ಎಂದೆ.

"ನನಗೂ ಆ ದಿನದವರೆಗೆ ಎಂತದ್ದೂ ಇರಲಿಲ್ಲ," ಎಂದರು ಭಾವ, ಬಹಳ ಮೆಲ್ಲಗೆ.

ನಾನು ಮರುದಿನವೇ ಡಾಕ್ಟರಲ್ಲಿಗೆ ಹೋಗಿಬಂದೆ. ಈಗ ಭಾನುವಾರ ಗಲ್ಲಾದ ಮುಂದೆ ಕೈಯೆತ್ತಿ ನಿಲ್ಲುವವನು ನಾನು. ಕಾಕಾ ಅಂಕ ಕೊಡುತ್ತಾರೆ. ಅಕ್ಕನ ಪುಟ್ಟ ಪಾತ್ರೆ ಇಬ್ಬರಿಗಾಗುವಷ್ಟು ದೊಡ್ಡದಾಗಿದೆ. ಮೊದಲ ದಿನ ಆ ಸಾಂಬಾರನ್ನು ಎರಡು ತುತ್ತು ಉಂಡವನೇ ಯಾರೂ ನೋಡುತ್ತಿಲ್ಲವೆಂದು ಉಪ್ಪಿನಕಾಯಿ ಜಾಡಿಗೆ ಕೈ ಹಾಕಿದೆ. ಭಾವ ತಲೆಯೆತ್ತದೆ, ಎಂಟು ವರ್ಷದ ಹಿಂದೆ ಜೋತುಬಿದ್ದಿದ್ದ ಅದೇ ಬಲಗೈಯಿಂದ ಜಾಡಿಯನ್ನು ಆಚೆಗೆ ಸರಿಸಿದರು.