ಮಾವನ ಜೋಡಿ ಪ್ಲೇಟು, ಅತ್ತೆಯ ಬೆಳ್ಳುಳ್ಳಿ

ಹೈದರಾಬಾದಿನಲ್ಲಿ ನೋಡಲೇಬೇಕಾದದ್ದು ಚಾರ್‌ಮಿನಾರ್ ಎಂದು ಯಾರೋ ನಿಮ್ಮ ತಲೆಗೆ ತುಂಬಿದ್ದಾರೆ. ಸುಳ್ಳು! ನೋಡಬೇಕಾದದ್ದು ದಿಲ್‌ಸುಖ್‌ನಗರದಲ್ಲಿದ್ದ ನಮ್ಮ ಸೋದರಮಾವನನ್ನು. ಚಾರ್‌ಮಿನಾರ್ ನೋಡಿ ಸಾಕೆನಿಸಿದಾಗ ವಾಪಸು ಬರಬಹುದು. ಮಾವನ ಎದುರು ಒಮ್ಮೆ ಕುಳಿತರೆ ನಾಲ್ಕು ಬದಿ ಮುಗಿಯುವವರೆಗೆ ಏಳುವಂತಿರಲಿಲ್ಲ.

ಬದಿ ಅಂದರೆ ಗ್ರಾಮಫೋನ್ ಪ್ಲೇಟಿನ ಬದಿ. ಒಂದು ಭಾನುವಾರ ಕುಕ್ಕರಿಗೆ ಗ್ಯಾಸ್ಕೆಟ್ ತರಲು ಆಬಿಡ್ಸ್‌ಗೆ ಹೋದ ಮಾವ, ಫುಟ್‌ಪಾತಿನ ಹಳೇ ಸಾಮಾನಿನ ರಾಶಿಯಿಂದ ಯಾವುದೋ ವಿಲಾಯತಿ ರಾಕ್ ತಂಡದ ಜೋಡಿ ಪ್ಲೇಟು ಎತ್ತಿಕೊಂಡು ಬಂದಿದ್ದರಂತೆ. ಎರಡು ಪ್ಲೇಟು, ನಾಲ್ಕು ಬದಿ, ಹದಿನೇಳು ಹಾಡು. ಹೊದಿಕೆಯ ಮೇಲೆ ತಿಂಗಳುಗಟ್ಟಲೆ ಬಾಚಣಿಗೆ ಕಾಣದ ನಾಲ್ಕು ತಲೆಗಳು.

“ಗ್ಯಾಸ್ಕೆಟ್ ಎಲ್ಲೈತ್ರಿ?” ಅಂದರು ಅತ್ತೆ.

“ಇದೂ ದುಂಡಗs ಐತಿ, ನೋಡು!” ಅಂದರು ಮಾವ.

ಆ ಗ್ಯಾಸ್ಕೆಟ್ಟನ್ನು ಕೊನೆಗೆ ಅತ್ತೆಯೇ ತಂದುಕೊಂಡರು. ಆದರೆ ಆ ಮಾತನ್ನು ಮಾತ್ರ ವರ್ಷಾನುಗಟ್ಟಲೆ ಬಿಡಲಿಲ್ಲ.

ನಾನು ಕಾಲೇಜಿಗೆಂದು ಅವರ ಮನೆಯಲ್ಲಿ ಮೂರು ವರ್ಷ ಇದ್ದೆ. ಮಾವನಿಗೆ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ. ತಯಾರಾದ ಒಂದೊಂದು ಬಿಡಿಭಾಗವನ್ನೂ ಅಳೆದು ‘ಪಾಸ್’ ಇಲ್ಲವೇ ‘ರಿಜೆಕ್ಟ್’ ಎಂದು ಬರೆಯುವುದು. ಅಂಥವರು ಮನೆಗೆ ಬಂದ ಹಾಡುಗಳನ್ನು ಸುಮ್ಮನೆ ಬಿಡುತ್ತಾರೆಯೇ? ಪ್ರತಿ ಹಾಡಿಗೂ ಒಂದು ಪುಟದಂತೆ ತಪಾಸಣೆ ಪುಸ್ತಕ ತೆರೆದರು! ಹಾಡಿನ ಇಂಗ್ಲಿಷು ಅವರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಅದರಿಂದ ಅರ್ಥ ಹೇಳಲು ಇನ್ನೂ ಅನುಕೂಲವೇ ಆಯಿತು.

“ಒಂದನೇದು, ಫ್ಯಾಕ್ಟರಿ ಬಸ್ಸು ತಪ್ಪಿಸಿಕೊಂಡಾವನ ಹಾಡು. ಆ ಡ್ರಮ್ಮು ಅವನ ಚಪ್ಪಲ್ ಸಪ್ಪಳ. ಪಾಸ್! ಎರಡನೇದರಾಗ ಹೆಂಡ್ತಿ ತವರಿಗೆ ಹೋಗ್ಯಾಳ, ಅನ್ನ ಸೀದೈತಿ. ಪಾಸ್! ಮೂರನೇದು ಬರೇ ಗಿಟಾರು. ಹಾಡಾಂವ ಚಾ ಕುಡ್ಯಾಕ ಹೋಗ್ಯಾನ. ಡ್ಯೂಟಿ ಮ್ಯಾಲಿದ್ದಾಗ ಹಂಗ ಹೋಗಬಾರದು. ರಿಜೆಕ್ಟ್!”

ಒಮ್ಮೆ ಕಲಬುರಗಿ ಕಡೆಯ ಅವರ ಸಹೋದ್ಯೋಗಿಯೊಬ್ಬರು ಮಗಳ ಮದುವೆಯ ಪತ್ರಿಕೆ ಕೊಡಲು ಬಂದರು. ಪಾಪ, ಐದು ನಿಮಿಷದ ಕೆಲಸ. ಆರನೇ ಹಾಡಿಗೆ ಉಪ್ಪಿಟ್ಟು ಬಂತು, ಒಂಬತ್ತನೆಯದಕ್ಕೆ ಎರಡನೇ ಸಲ ಚಹಾ ಬಂತು. ಹನ್ನೆರಡಕ್ಕೆ ಅವರು ಕೈ ಮುಗಿದು, “ಸಾಹೇಬ್ರ, ಮದಿವಿ ಬರೋ ವಾರನs ಐತ್ರಿ!” ಅಂದರು. “ಹಂಗಾರ ಇನ್ನೂ ವ್ಯಾಳ್ಯಾ ಐತಿ, ಕೂಡ್ರಿ,” ಅಂದರು ಮಾವ.

ಕೆಳಗಿನ ಮನೆಯ ಮಾಲೀಕರು ತೆಲುಗಿನವರು, ಸಾಧು ಮನುಷ್ಯ. ಎಂಟನೇ ಹಾಡಿನ ಕಿರುಚಾಟ ಮೊದಲ ಸಲ ಕೇಳಿದಾಗ, “ಏಮಂಡಿ, ಎವರಿಕೈನಾ ಒಂಟ್ಲೋ ಬಾಗಲೇದಾ?” ಎಂದು ಓಡಿ ಬಂದಿದ್ದರು. ಯಾರಿಗಾದರೂ ಮೈಗೆ ಹುಷಾರಿಲ್ಲವೇ ಎಂದು! ಕೈಯಲ್ಲಿ ಅಮೃತಾಂಜನವೂ ಇತ್ತು.

ಆದರೆ ಎಲ್ಲ ಹಾಡುಗಳಿಗೂ ಕಿರೀಟವೆಂದರೆ ಮೂರನೇ ಬದಿಯ ಎರಡನೆಯದು. ಅದರ ನಡುವೆ ಹಾಡುವವನು ಒಂದೇ ಮಾತನ್ನು ಸರಿಯಾಗಿ ಹನ್ನೊಂದು ಸಲ ಹೇಳಿ ಮುಂದೆ ಹೋಗುತ್ತಿದ್ದ. ಮಾವ ಬೆರಳು ಮಡಚಿ ಎಣಿಸುವರು. “ಕಮ್ಮಿಲ್ಲ, ಹೆಚ್ಚಿಲ್ಲ, ಹನ್ನೊಂದು! ಇಂಥಾ ಅಳತಿ ನಮ್ಮ ಫ್ಯಾಕ್ಟರ್ಯಾಗೂ ಬರಂಗಿಲ್ಲ!”

ಆ ಸುಖಕ್ಕೂ ಒಂದು ಕಲ್ಲು. ಹನ್ನೊಂದು ಮುಗಿಯುವ ಹೊತ್ತಿಗೇ ಅಡುಗೆಮನೆಯಿಂದ ಕುಟ್ಟಾಣಿಯ ಸದ್ದು, ಧಡ್!

“ನೋಡ್ ಯವ್ವಾ, ಈ ಹಾಡಿಗೇ ನಿಮ್ಮತ್ತಿಗೆ ಬಳ್ಳೊಳ್ಳಿ ಜಜ್ಜೋದು ನೆನಪಾಗ್ತೈತಿ!”

ಇದು ತಮಾಷೆಯ ಮಾತಾಗಿರಲಿಲ್ಲ. ಊರೆಲ್ಲ ಕೂತು ಕೇಳಿದರೂ ಅತ್ತೆ ಒಂದು ದಿನವೂ ಕೂರಲಿಲ್ಲವೆಂಬ ಕೊರಗು ಮಾವನಿಗೆ ನಿಜವಾಗಿಯೂ ಇತ್ತು. ಅತ್ತೆ ತಂಗಿಯ ಬಾಣಂತನಕ್ಕೆಂದು ಬೀದರಿಗೆ ಹೊರಟ ದಿನ ಅದು ಜಗಳವಾಗಿ ಹೊರಬಿತ್ತು. “ಇಷ್ಟು ವರ್ಷ ಆತು, ನನಗೋಸ್ಕರ ಒಂದು ಹಾಡು ಕೇಳಿಲ್ಲ ನೀ!” ಅತ್ತೆ ಟ್ರಂಕು ಎತ್ತಿಕೊಂಡರು.

ಮುಂದಿನ ಭಾನುವಾರ ಕೇಳುವವಳು ನಾನೊಬ್ಬಳೇ. ಮೂರನೇ ಬದಿ, ಎರಡನೇ ಹಾಡು. ಮಾವ ಎಣಿಸತೊಡಗಿದರು. ಒಂಬತ್ತು, ಹತ್ತು, ಹನ್ನೊಂದು.

ಹನ್ನೆರಡು.

ಮಾವನ ಬೆರಳು ಗಾಳಿಯಲ್ಲೇ ನಿಂತಿತು. ಹದಿಮೂರು. ಹದಿನಾಲ್ಕು! ಮೂವತ್ತಕ್ಕೆ ಕೆಳಗಿನ ಮನೆಯವರು ಅಮೃತಾಂಜನ ಹಿಡಿದು ಮೇಲೆ ಬಂದರು. ಹಾಡುವವನು ನಿಲ್ಲಿಸಲೊಲ್ಲ. ನನಗೋ ನಗು ತಡೆಯಲಾಗುತ್ತಿಲ್ಲ.

ಮಾವ ನಗಲಿಲ್ಲ. ರೆಕಾರ್ಡ್ ಪ್ಲೇಯರ್ ಇಟ್ಟಿದ್ದ ಹಲಗೆ, ಅದನ್ನು ಹೊಡೆದಿದ್ದ ಗೋಡೆ, ಗೋಡೆಯ ಆಚೆಗಿನ ಅಡುಗೆಮನೆ, ಇಷ್ಟನ್ನೂ ತಪಾಸಣೆಯ ಕಣ್ಣಿಂದ ನೋಡಿದರು. ಎದ್ದು ಒಳಗೆ ಹೋದರು. ಅತ್ತೆ ತೊಳೆದು ಬೋರಲು ಹಾಕಿದ್ದ ಕುಟ್ಟಾಣಿಯನ್ನು ಕಟ್ಟೆಯ ಮೇಲಿಟ್ಟು ಒಂದು ಏಟು ಹಾಕಿದರು. ಧಡ್! ಇತ್ತ ನನ್ನ ಕಣ್ಣೆದುರೇ ಪ್ಲೇಟಿನ ಮೇಲಿನ ಮುಳ್ಳು ತಾನು ಸಿಕ್ಕಿಬಿದ್ದಿದ್ದ ಗೀರನ್ನು ಹಾರಿತು, ಹಾಡು ಮುಂದೆ ಸಾಗಿತು.

ಮಾವ ಕುಟ್ಟಾಣಿಯ ಕಲ್ಲು ಹಿಡಿದೇ ಹೊರಗೆ ಬಂದರು. “ಯವ್ವಾ, ಆಕಿ ಕೇಳಾಕತ್ತಿದ್ಲು,” ಅಂದರು. “ಪ್ರತಿಸಲಾನೂ ಕೇಳಾಕತ್ತಿದ್ಲು.” ಅಂದು ನಾಲ್ಕನೇ ಬದಿ ಹಾಕಲಿಲ್ಲ.

ತಿಂಗಳಾದ ಮೇಲೆ ಅತ್ತೆಯನ್ನು ಕರೆತರಲು ಗೌಲಿಗುಡ ಬಸ್‌ಸ್ಟ್ಯಾಂಡಿಗೆ ಇಬ್ಬರೂ ಹೋದೆವು. ಅತ್ತೆ ಇಳಿದಿದ್ದೇ ತಡ, ಮಾವ ಜೇಬಿನಿಂದ ಒಂದು ಹೊಚ್ಚ ಹೊಸ ಗ್ಯಾಸ್ಕೆಟ್ ತೆಗೆದು ಅವರ ಕೈಗಿಟ್ಟರು. ಅತ್ತೆ ಅದನ್ನು ನೋಡಿದರು, ಮಾವನ ಮುಖ ನೋಡಿದರು. ಅವರಿಗೆ ಎಲ್ಲ ತಿಳಿದುಹೋಯಿತು.

“ಪ್ಲೇಟಿಗೆ ಗೀರು ಬಿದ್ದೈತಿ ಅಂತ ಯಾಕ ಹೇಳ್ಲಿಲ್ಲ?” ಅಂದರು ಮಾವ.

“ಮೊದಲನೇ ಸಲ ಹನ್ನೊಂದಕ್ಕ ನನ್ನ ಕಲ್ಲು ಬಿತ್ತು. ನೀವು ಓಣಿ ತುಂಬ ಹನ್ನೊಂದು, ಹನ್ನೊಂದು ಅಂತ ಹೇಳ್ಕೋತ ಬಂದ್ರಿ. ಅಷ್ಟು ಖುಷಿಲೆ ಹೇಳ್ತಿದ್ರಿ. ಮುಂದ ನಾ ಎಣಿಸಲೇಬೇಕಾತಲ್ರಿ?”

ಆ ಭಾನುವಾರ ಅತ್ತೆ ಮೊದಲ ಸಲ ಪಡಸಾಲೆಯಲ್ಲಿ, ಗೋಡೆಗೆ ತಾಗಿಸಿದ ಕುರ್ಚಿಯಲ್ಲಿ, ಕುಟ್ಟಾಣಿಯ ಕಲ್ಲು ಹಿಡಿದು ಕುಳಿತರು. ಮೂರನೇ ಬದಿ, ಎರಡನೇ ಹಾಡು. ಒಂಬತ್ತು, ಹತ್ತು, ಹನ್ನೊಂದು. ಮಾವ ಉಸಿರು ಬಿಗಿಹಿಡಿದು ನೋಡಿದರು. ಅತ್ತೆಯ ಕೈ ಏಳಲಿಲ್ಲ. ಹನ್ನೆರಡಕ್ಕೆ ಗೋಡೆಗೆ ಕುಟ್ಟಿದರು.

“ಒಂದು ನನ್ನ ಪಾಲಿಂದ್ರಿ,” ಅಂದರು.

ಒಂದು ಕೂದಲೆಳೆಯಷ್ಟು ಅಳತೆ ತಪ್ಪಿದರೂ ರಿಜೆಕ್ಟ್ ಮಾಡುವ ನಮ್ಮ ಮಾವ, ಕಣ್ಣೊರೆಸಿಕೊಂಡು, ಪುಸ್ತಕದಲ್ಲಿ ಹನ್ನೊಂದನ್ನು ಹೊಡೆದುಹಾಕಿ ಹನ್ನೆರಡು ಎಂದು ಬರೆದರು. ಪಾಸ್!